ನೇರಳೆ ಬಟ್ಟೆ ಹೊದ್ದ ಪೇಜು

ನಮ್ಮ ಮನೆಯಲ್ಲಿ ತಪಸ್ಸುಕಾಲ ಬಂತೆಂದರೆ ಪ್ರತಿಯೊಬ್ಬರೂ ತಮಗೆ ಇಷ್ಟವಾದ ಒಂದನ್ನು ಬಿಡಬೇಕು. ವಿಭೂತಿ ಬುಧವಾರ ಚರ್ಚಿಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದರೆ, ಪಾಸ್ಕ ಹಬ್ಬದ, ಅಂದರೆ ಈಸ್ಟರಿನ ತನಕ ನಲವತ್ತು ದಿನ ಅದರ ಸುದ್ದಿಗೆ ಹೋಗುವಂತಿಲ್ಲ. ನಮ್ಮಪ್ಪ ಬೀಡಿ ಬಿಡುತ್ತಿದ್ದರು. ಅಮ್ಮ ಕಾಫಿ ಬಿಡುತ್ತಿದ್ದಳು, ಆ ದಿನಗಳಲ್ಲಿ ಅವಳ ಎದುರಿಗೆ ಯಾರೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ನನ್ನ ಗಂಡ ಮಾಂಸ ಬಿಟ್ಟೆ ಅನ್ನುತ್ತಾರೆ, ಆದರೆ ಮೊಟ್ಟೆ ಮಾಂಸವಲ್ಲ ಎಂದು ಚರ್ಚಿನ ಸ್ವಾಮಿಗಳ ಎದುರಿಗೇ ವಾದ ಹೂಡುತ್ತಾರೆ. ನಾನು ಬಿಡುವುದು ಫೋನಿನಲ್ಲಿರುವ ಜಾಲತಾಣವನ್ನು.

ಇದು ಸಣ್ಣ ತ್ಯಾಗವಲ್ಲ. ನನ್ನ ಅನ್ನ ಇರುವುದೇ ಅಲ್ಲಿ. ನಾನು ಮದುವೆ ಕೇಕು ಮಾಡುವವಳು, ನನ್ನ ಕೇಕು ಬೇಕೆನ್ನುವವರು ಬಂದು ಕದ ತಟ್ಟುವುದು ಆ ತಾಣದಲ್ಲಿರುವ ನನ್ನ ಪೇಜಿನಲ್ಲಿ. ತಪಸ್ಸುಕಾಲದಲ್ಲಿ ನಮ್ಮಲ್ಲಿ ಮದುವೆ ಮಾಡುವುದಿಲ್ಲ, ಮದುವೆಯ ಮಾತನ್ನೂ ದೊಡ್ಡ ದನಿಯಲ್ಲಿ ಆಡುವುದಿಲ್ಲ. ಹಬ್ಬ ಮುಗಿದ ಮಾರನೆಯ ದಿನ ಮಾತ್ರ ಎಲ್ಲ ಮನೆಗಳಿಗೂ ಒಮ್ಮೆಲೇ ಜ್ಞಾನೋದಯವಾಗುತ್ತದೆ. ಛತ್ರ, ಬ್ಯಾಂಡು, ಕೇಕು! ಆಗ ಶುರುವಾದರೆ ಮುಂಗಾರು ಹಿಡಿಯುವವರೆಗೂ ನನಗೆ ಕೂರಲು ಪುರುಸೊತ್ತಿರುವುದಿಲ್ಲ. ಆ ಬೇಸಿಗೆಯೇ ನನಗೆ ಇಡೀ ವರ್ಷ.

ನನ್ನ ಕೇಕಿನ ಗುಟ್ಟು ಒಂದೇ. ಮದುವಣಗಿತ್ತಿ ಉಡುವ ಸೀರೆಯ ಅಂಚು ಹೇಗಿದೆಯೋ ಹಾಗೇ ಸಕ್ಕರೆಯಲ್ಲಿ ಕೇಕಿನ ಸುತ್ತ ಬರೆಯುತ್ತೇನೆ. ಹಂಸ ಇದ್ದರೆ ಹಂಸ, ಗೋಪುರ ಇದ್ದರೆ ಗೋಪುರ. ಮೈಸೂರಿನ ಏಪ್ರಿಲ್ ಬಿಸಿಲಿಗೆ ಬೆಣ್ಣೆಯ ಕ್ರೀಮು ಅರ್ಧ ದಾರಿಯಲ್ಲೇ ಇಳಿದು ಹೋಗುತ್ತದೆ, ಆದ್ದರಿಂದ ಗಟ್ಟಿಯಾಗಿ ಒಣಗುವ ಸಕ್ಕರೆ ಲೇಪದಲ್ಲೇ ಈ ಕೆಲಸ. ಗಿರಾಕಿಗಳು ಅಂಚಿನ ಫೋಟೊ ಪೇಜಿಗೆ ಕಳಿಸುತ್ತಿದ್ದರು. ಒಂದು ಕಡೆ ಸೀರೆ, ಪಕ್ಕದಲ್ಲಿ ಕೇಕು, ಹೀಗೆ ಜೋಡಿ ಜೋಡಿಯಾಗಿ ನಾನು ಅವನ್ನು ಪೇಜಿನ ಮೊದಲ ಭಾಗದಲ್ಲೇ ಹಾಕಿದ್ದೆ. ತೆರೆದ ಕೂಡಲೇ ಅದೇ ಕಾಣಬೇಕು.

ಆ ಪೇಜನ್ನು ನಾನು ಸಿಂಗರಿಸಿದಷ್ಟು ನನ್ನ ಮನೆಯನ್ನೂ ಸಿಂಗರಿಸಲಿಲ್ಲ. ಯಾವ ಭಾಗ ಮೇಲೆ, ಯಾವುದು ಕೆಳಗೆ, ಯಾವ ಗುಂಡಿ ಒತ್ತಿದರೆ ಏನು ತೆರೆಯಬೇಕು, ಯಾರಾದರೂ ಸಂದೇಶ ಕಳಿಸಿದರೆ ತಾನಾಗಿಯೇ ಹೋಗುವ ಉತ್ತರದಲ್ಲಿ ಏನಿರಬೇಕು, ಎಲ್ಲವನ್ನೂ ಕೂತು ಹೊಂದಿಸಿದ್ದೆ. ಪೇಜಿನ ನೆತ್ತಿಯ ಮೇಲೆ ಹಬ್ಬಕ್ಕೊಂದು ತಲೆಚಿತ್ರ. ತಪಸ್ಸುಕಾಲಕ್ಕೆ ಚರ್ಚಿನಲ್ಲಿ ಪ್ರತಿಮೆಗಳಿಗೆ ನೇರಳೆ ಬಟ್ಟೆ ಹೊದಿಸುತ್ತಾರಲ್ಲ, ಅದೇ ರೀತಿ ಪೇಜಿನ ಮೇಲೂ ಬರೀ ನೇರಳೆ ಬಣ್ಣದ ಚಿತ್ರ ಹಾಕಿ, ಫೋಟೊಗಳನ್ನೆಲ್ಲ ಮರೆಮಾಡಿ, ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂಬ ಗುರುತು ಒತ್ತಿ ಹೊರಗೆ ಬಂದುಬಿಡುತ್ತಿದ್ದೆ. ಹಬ್ಬದ ಮಧ್ಯಾಹ್ನ ಊಟವಾದ ಮೇಲೆ ಒಂದೊಂದಾಗಿ ಬಿಚ್ಚುವುದು. ಅದರಲ್ಲಿ ನನಗೊಂದು ಹೆಮ್ಮೆಯೂ ಇತ್ತು. ಇಂಥ ಭಕ್ತಿಯ ಪೇಜು ಊರಲ್ಲಿ ಇನ್ನೊಂದಿಲ್ಲ ಎಂದುಕೊಂಡಿದ್ದೆ.

ಈ ಕಥೆಯ ವರ್ಷ ನನಗೆ ಹೆಮ್ಮೆಗಿಂತ ಭಯವೇ ಹೆಚ್ಚಾಗಿತ್ತು. ಅದಕ್ಕೆ ಹಿಂದಿನ ಜೂನಿನಲ್ಲಿ ನಾನು ಕೆಲಸ ಬಿಟ್ಟಿದ್ದೆ. ಜಯಲಕ್ಷ್ಮಿಪುರಂನ ಒಂದು ಶಾಲೆಯ ಆಫೀಸಿನಲ್ಲಿ ವರ್ಷಗಟ್ಟಲೆ ಗುಮಾಸ್ತೆಯಾಗಿದ್ದವಳು, ಇನ್ನು ಕೇಕೇ ಸಾಕು ಎಂದು ರಾಜೀನಾಮೆ ಕೊಟ್ಟು ಬಂದೆ. ಮುಖ್ಯೋಪಾಧ್ಯಾಯಿನಿ ಒಳ್ಳೆಯ ಹೆಂಗಸು. “ನಿಮ್ಮ ಜಾಗಕ್ಕೆ ಒಂದು ವರ್ಷ ಯಾರನ್ನೂ ಖಾಯಂ ಮಾಡಲ್ಲ. ಬೇಸಿಗೆ ರಜೆ ಮುಗಿಯೋದ್ರೊಳಗೆ ಒಂದು ಮಾತು ಹೇಳಿ” ಎಂದಿದ್ದರು. ನನ್ನ ಗಂಡ ಹೆಬ್ಬಾಳದ ಕಾರ್ಖಾನೆಗಳಿಗೆ ಕೆಲಸಗಾರರನ್ನು ಕರೆದೊಯ್ಯುವ ಪಾಳಿ ಬಸ್ಸಿನ ಡ್ರೈವರು. ನಾನು ರಾಜೀನಾಮೆಯ ಸುದ್ದಿ ಹೇಳಿದ ದಿನ ಅವರು “ಹೂಂ” ಅಂದರು, ತಟ್ಟೆ ತೊಳೆದಿಟ್ಟು ಬಸ್ಸಿಗೆ ಹೋದರು. ಆ ಹೂಂಗೆ ನಾನು ನೂರು ಅರ್ಥ ಹುಡುಕಿದೆ, ಎಲ್ಲವೂ ನನಗೆ ವಿರುದ್ಧವಾದ ಅರ್ಥಗಳೇ. ಆಮೇಲೆ ಅವರು ಎರಡನೇ ಪಾಳಿಯ ಓಡಾಟವನ್ನೂ ಒಪ್ಪಿಕೊಂಡರು. ಅದನ್ನು ನೋಡಿ, ನಾನು ಕೆಲಸ ಬಿಟ್ಟದ್ದು ಇವರಿಗೆ ಇಷ್ಟವಿಲ್ಲ ಎಂಬ ಅನುಮಾನ ಇನ್ನೂ ಗಟ್ಟಿಯಾಯಿತು.

ಹೀಗಿರುವಾಗ ತಪಸ್ಸುಕಾಲ ಬಂತು. ಪೇಜಿಗೆ ನೇರಳೆ ಹೊದಿಸಿ, ಮುಚ್ಚಿದ ಗುರುತು ಹಾಕಿ, ತಾಣವನ್ನೇ ಫೋನಿನಿಂದ ಕಿತ್ತುಹಾಕಿದೆ. ಅತ್ತ ತಾಣದವರು ತಮ್ಮ ಲೋಕವನ್ನೇ ಹೊಸದಾಗಿ ಕಟ್ಟುತ್ತಿದ್ದರು. ವ್ಯಾಪಾರದ ಪೇಜುಗಳ ಹಳೆಯ ಅಚ್ಚು ತೆಗೆದು ಎಲ್ಲಕ್ಕೂ ಒಂದೇ ಹೊಸ ಅಚ್ಚು. ಮುಂಚೆಯೇ ಸೂಚನೆಗಳೂ ಬಂದಿದ್ದವಂತೆ, ಒಂದಲ್ಲ, ಸಾಲು ಸಾಲು. ಊರಿನ ಅಂಗಡಿಯವರೆಲ್ಲ ಅವನ್ನು ಓದಿ ಬೈದುಕೊಂಡು ಹೊಂದಿಕೊಳ್ಳುತ್ತಿದ್ದಾಗ ನಾನು ಶಿಲುಬೆ ಹಾದಿಯ ಪ್ರಾರ್ಥನೆಯಲ್ಲಿ ಮಂಡಿಯೂರಿದ್ದೆ. ತಾಣ ಬಿಟ್ಟದ್ದಕ್ಕೆ ದೇವರಿಗೆ ಸಂತೋಷವಾಗಿರಬಹುದು, ತಾಣಕ್ಕಂತೂ ಆಗಲಿಲ್ಲ.

ಪಾಸ್ಕ ಹಬ್ಬದ ಮಧ್ಯಾಹ್ನ ಬಾಡೂಟ ಮುಗಿಸಿ, ಗಂಡ ಗೊರಕೆಗೆ ಇಳಿದ ಮೇಲೆ, ಫೋನು ಹಿಡಿದು ಹಾಸಿಗೆಯ ಅಂಚಿನಲ್ಲಿ ಕೂತೆ. ಪೇಜು ತೆರೆದರೆ ನನ್ನ ಪೇಜೇ ಅಲ್ಲ. ನೇರಳೆ ಚಿತ್ರವನ್ನು ಮೇಲೆ ಕೆಳಗೆ ಕತ್ತರಿಸಿ ಉದ್ದನೆಯ ಪಟ್ಟಿ ಮಾಡಿದ್ದಾರೆ. ಅದರ ಮೇಲೆ ಗುಂಡಗಿನ ಪ್ರೊಫೈಲ್ ಫೋಟೊದಲ್ಲಿ ನನ್ನ ಮೂರಂತಸ್ತಿನ ಕೇಕು, ಮೇಲಿನ ಅಂತಸ್ತು ಹಾರಿಹೋಗಿ ಎರಡೇ ಉಳಿದಿದೆ. ಸೀರೆಯಂಚಿನ ಭಾಗ ಮೊದಲಿಗಿತ್ತಲ್ಲ, ಅದು ಎಲ್ಲೂ ಇಲ್ಲ. ನಾನು ಇಟ್ಟಿದ್ದ ಗುಂಡಿಗಳಿಲ್ಲ. ಯಾವುದನ್ನೂ ಮೇಲೆ ಕೆಳಗೆ ಸರಿಸಲು ಬರುತ್ತಿಲ್ಲ. ಗೊಬ್ಬರದವನ ಪೇಜೂ ಹಾಗೇ, ಹಲ್ಲಿನ ಡಾಕ್ಟರ ಪೇಜೂ ಹಾಗೇ, ನನ್ನದೂ ಹಾಗೇ. ನನಗೆ ಅಳು ಬಂತು. ಹಬ್ಬದ ದಿನ ಅಳಬಾರದೆಂದು ಸಿಟ್ಟು ಮಾಡಿಕೊಂಡೆ.

ಮಾರನೆಯ ದಿನದಿಂದ ಯುದ್ಧ. ತಲೆಚಿತ್ರವನ್ನು ಹತ್ತು ಅಳತೆಯಲ್ಲಿ ಮಾಡಿ ಹಾಕಿದೆ. ಫೋನಿನಲ್ಲಿ ಸರಿ ಕಂಡರೆ ಕಂಪ್ಯೂಟರಿನಲ್ಲಿ ತಲೆ ಕತ್ತರಿಸುತ್ತದೆ, ಅಲ್ಲಿ ಸರಿಮಾಡಿದರೆ ಇಲ್ಲಿ ಕಾಲು ಹೋಗುತ್ತದೆ. ಮರೆಮಾಡಿದ್ದ ಫೋಟೊಗಳನ್ನು ಹುಡುಕಿ ಹುಡುಕಿ ಹೊರಗೆಳೆದೆ. ಹೊಸ ಪದ್ಧತಿಯಲ್ಲಿ ಇನ್ನೊಂದು ಕಿರಿಕಿರಿ ಇತ್ತು. ಪೇಜಿನ ಕೆಲಸ ಮಾಡಬೇಕಾದರೆ ನಾನು ನನ್ನ ಹೆಸರು ಕಳಚಿಟ್ಟು ಪೇಜೇ ಆಗಿಬಿಡಬೇಕು. ಕೆಲಸ ಮುಗಿದ ಮೇಲೆ ನೆನಪಿಟ್ಟುಕೊಂಡು ಮತ್ತೆ ನಾನಾಗಬೇಕು. ನೆನಪಿರುತ್ತಿರಲಿಲ್ಲ. ಒಂದು ದಿನ ನನ್ನ ತಂಗಿಯ ಹುಟ್ಟುಹಬ್ಬಕ್ಕೆ ಕೇಕಿನ ಹೆಸರಿನಿಂದ ಮುತ್ತು ಕಳಿಸಿದ್ದೆ. ಅವಳು ಬಿಟ್ಟಿ ಕೇಕು ಬರುತ್ತದೆಂದು ಸಂಜೆಯವರೆಗೂ ಕಾದಿದ್ದಳಂತೆ.

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಹಂಗಾಯ್ತು ನಿಂದು. ಬುಡು ಅತ್ಲಾಗೆ, ಕೇಕ್ ತಿನ್ನೋರು ಪೇಜ್ ತಿಂತಾರಾ?” ಎಂದರು ನನ್ನ ಗಂಡ, ಬೂಟಿನ ದಾರ ಕಟ್ಟುತ್ತಾ.

“ನಿಮ್ಗೇನು, ಸ್ಟೇರಿಂಗು ರಾತ್ರೋರಾತ್ರಿ ಬಲದಿಂದ ಎಡಕ್ಕೆ ಹೋಗಿದ್ರೆ ಗೊತ್ತಾಗ್ತಿತ್ತು” ಎಂದು ಹಾರಿಬಿದ್ದೆ. ಅವರು ನಕ್ಕು ಬಸ್ಸಿಗೆ ಹೋದರು. ನನಗೆ ನಗು ಬರಲಿಲ್ಲ.

ಯಾಕೆಂದರೆ ಫೋನು ಸುಮ್ಮನಿತ್ತು. ಹಬ್ಬ ಮುಗಿದು ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಚರ್ಚಿನಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ಮದುವೆಯಾಗುವವರ ಹೆಸರು ಕೂಗುತ್ತಾರೆ. ಯಾರಿಗಾದರೂ ಆಕ್ಷೇಪವಿದ್ದರೆ ತಿಳಿಸಲಿ ಎಂದು. ಆ ಹೆಸರುಗಳು ಸಾಲಾಗಿ ಬರುತ್ತಿದ್ದವು, ಅದರಲ್ಲಿ ಒಬ್ಬರೂ ನನ್ನನ್ನು ಕೇಳಿರಲಿಲ್ಲ. ಆಕ್ಷೇಪ ಇದ್ದವಳು ನಾನೊಬ್ಬಳೇ! ಅಡುಗೆಮನೆಯ ಮೂಲೆಯಲ್ಲಿ ರಮ್ಮಿನಲ್ಲಿ ನೆನೆಹಾಕಿದ ದ್ರಾಕ್ಷಿ ಗೋಡಂಬಿ ಭರಣಿಗಳಲ್ಲಿ ಹಾಗೇ ಕೂತಿದ್ದವು. ಪೇಜು ಕುರೂಪವಾದದ್ದಕ್ಕೇ ಯಾರೂ ಬರುತ್ತಿಲ್ಲ ಎಂದು ನಂಬಿ ನಾನು ಮತ್ತೆ ತಲೆಚಿತ್ರದ ಬಣ್ಣ ಬದಲಿಸುತ್ತಿದ್ದೆ. ಒಳಗೊಳಗೆ ಮಾತ್ರ ಬೇರೆಯೇ ಹೆದರಿಕೆ. ಬಹುಶಃ ನನ್ನ ಕೇಕೇ ಯಾರಿಗೂ ಬೇಡವಾಗಿದೆ, ನಾಲ್ಕು ಜನ ಹೊಗಳಿದ್ದನ್ನು ನಂಬಿ ಇದ್ದ ಕೆಲಸ ಕಳೆದುಕೊಂಡೆ. ಶಾಲೆಯ ಆ ಕುರ್ಚಿ, ಆ ಕಿಟಕಿ, ಫೀಸು ಕಟ್ಟಲು ನಿಂತವರ ಸಾಲು ಕಣ್ಣೆದುರು ಬರುತ್ತಿತ್ತು. ಮತ್ತೆ ಅಲ್ಲಿಗೆ ಹೋಗಿ ಕೂರಬೇಕೆಂದರೆ ಎದೆಯ ಮೇಲೆ ಕಲ್ಲು ಹೇರಿದ ಹಾಗಾಗುತ್ತಿತ್ತು.

ಆ ದಿನಗಳಲ್ಲೇ ನಮ್ಮ ಚರ್ಚಿನ ಆರ್ಗನ್ ನುಡಿಸುತ್ತಿದ್ದ ಹಿರಿಯರು ತೀರಿಕೊಂಡರು. ಅದೇ ತಾಣದಲ್ಲಿರುವ ಚರ್ಚಿನವರ ಗುಂಪಿನಲ್ಲಿ ಅವರ ಫೋಟೊ, ಮಣ್ಣು ಮಾಡುವ ಹೊತ್ತು ಎಲ್ಲ ಹಾಕಿದ್ದರು. ನನ್ನ ಮದುವೆಯಲ್ಲಿ ನುಡಿಸಿದವರೂ ಅವರೇ. ಮದುವೆಯ ದಿನ ನಾನು ಗಾಬರಿಯಲ್ಲಿ ಮೆಲ್ಲಗೆ ನಡೆದುಬಂದದ್ದಕ್ಕೆ ಪಾಪ, ಒಂದೇ ರಾಗವನ್ನು ಎಳೆದು ಎಳೆದು ನುಡಿಸಿದ್ದರು. ಆ ಫೋಟೊ ನೋಡಿ ಕಣ್ಣು ತುಂಬಿ ಬಂತು. ‘ಇವರ ಆತ್ಮಕ್ಕೆ ನಿತ್ಯ ವಿಶ್ರಾಂತಿ ಸಿಗಲಿ. ಇಂಥವರು ಮತ್ತೆ ಬರುವುದಿಲ್ಲ’ ಎಂದು ಬರೆದು ಕಣ್ಣೊರೆಸಿಕೊಂಡೆ. ಮಣ್ಣಿಗೂ ಹೋಗಿ ಬಂದೆ.

ಮಾರನೆಯ ದಿನ ತಂಗಿ ಫೋನು ಮಾಡಿದಳು. “ಅಕ್ಕಾ, ನೀನೇನ್ ಮಾಡ್ಬುಟ್ಟಿದೀಯ ನೋಡಿದ್ಯಾ?”

ನೋಡಿದೆ. ಸಾವಿನ ಸುದ್ದಿಯ ಕೆಳಗೆ, ಕೈ ಮುಗಿದ ಚಿತ್ರಗಳ ನಡುವೆ, ಎರಡಂತಸ್ತಿನ ಕೇಕು ನಿಂತಿತ್ತು. ಅದರ ಪಕ್ಕದಲ್ಲಿ ದಪ್ಪಕ್ಷರದಲ್ಲಿ ನನ್ನ ಮದುವೆ ಕೇಕಿನ ಪೇಜಿನ ಹೆಸರು, ಕೆಳಗೆ ‘ನಿತ್ಯ ವಿಶ್ರಾಂತಿ ಸಿಗಲಿ’. ಬೆಳಿಗ್ಗೆ ತಲೆಚಿತ್ರ ತಿದ್ದಲು ಪೇಜಾಗಿದ್ದವಳು ಮತ್ತೆ ನಾನಾಗಿರಲೇ ಇಲ್ಲ. ಅಷ್ಟೇ ಆಗಿದ್ದರೆ ಅಳಿಸಿ ಸುಮ್ಮನಾಗಬಹುದಿತ್ತು. ಪೇಜಿನ ಸಂದೇಶಗಳಲ್ಲಿ ನೋಡುತ್ತೇನೆ, ತೀರಿಕೊಂಡವರ ಮಗಳು ನನಗೆ ‘ಥ್ಯಾಂಕ್ಸ್’ ಎಂದು ಕಳಿಸಿದ್ದಾಳೆ. ಅದಕ್ಕೆ ನನ್ನ ಪೇಜು ತಾನಾಗಿಯೇ ಉತ್ತರ ಕೊಟ್ಟಿದೆ: ‘ನಿಮ್ಮ ಸಂತೋಷದ ಸಮಾರಂಭಕ್ಕೆ ಅಭಿನಂದನೆಗಳು! ಎಷ್ಟು ಜನ ಬರ್ತಾರೆ? ಎಷ್ಟು ಕೆ.ಜಿ. ಬೇಕು?’

ತಾಣದವರು ನಾನು ಜೋಡಿಸಿದ ಅಷ್ಟನ್ನೂ ಕಿತ್ತುಹಾಕಿ ಇದೊಂದನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಿದ್ದರು.

ಭೂಮಿ ಬಾಯಿಬಿಡಬಾರದೇ ಅನಿಸಿತು. ನಮ್ಮದು ಸಣ್ಣ ಸಮಾಜ, ಇಲ್ಲಿ ಪಿಸುಮಾತು ಸಂಜೆಯ ಜಪಮಾಲೆಯ ಹೊತ್ತಿಗೆ ಎಲ್ಲರ ಮನೆ ತಲುಪಿರುತ್ತದೆ. ಸಾವಿನ ಮನೆಯಲ್ಲೂ ವ್ಯಾಪಾರ ಮಾಡಿದಳು ಅನ್ನದೆ ಬಿಡುತ್ತಾರೆಯೇ? ಇನ್ನು ನನ್ನ ಕೇಕಿಗೂ ಒಂದು ನಿತ್ಯ ವಿಶ್ರಾಂತಿ ಎಂದುಕೊಂಡೆ. ಗಂಡನಿಗೆ ಹೇಳಿದೆ. ಈ ಸಲ ಅವರು ತಮಾಷೆ ಮಾಡಲಿಲ್ಲ. “ಫೋನಲ್ಲಿ ಬರ್ದು ಕೆಡಿಸ್ಕಂಡಿದೀಯ, ಫೋನಲ್ಲೇ ಸರಿಮಾಡಕ್ಕೆ ಹೋಗ್ಬೇಡ. ನಡಿ, ಮನೆಗೇ ಹೋಗಿ ಬರಾಣ” ಎಂದರು.

ಅವರ ಮನೆ ಮಂಡಕಳ್ಳಿಯ ದಾರಿಯಲ್ಲಿ. ಹಿರಿಯರ ಹೆಂಡತಿ ವರಾಂಡದಲ್ಲಿ ಬಿಳಿ ಸೀರೆಯಲ್ಲಿ ಕೂತಿದ್ದರು, ಮಗಳು ಪಕ್ಕದಲ್ಲಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ. ಪೇಜು, ನಾನು, ಪೇಜಾದ ನಾನು, ತಾನಾಗಿ ಹೋಗುವ ಉತ್ತರ, ಎಲ್ಲ ಕಲಸುಮೇಲೋಗರ. ಏನು ಹೇಳಿದೆನೋ ನನಗೇ ಗೊತ್ತಿಲ್ಲ. ಕೊನೆಗೆ “ಕ್ಷಮಿಸಿಬುಡಿ ಅಮ್ಮ” ಎಂದು ಅವರ ಕೈ ಹಿಡಿದುಕೊಂಡೆ.

ಆ ತಾಯಿಯ ತುಟಿ ನಡುಗಿತು. ಅಳುತ್ತಾರೆಂದು ನಾನು ಅಂದುಕೊಳ್ಳುವಷ್ಟರಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. ಮಗಳೂ ನಕ್ಕಳು.

“ಎಷ್ಟು ಕೆ.ಜಿ. ಅಂತೆ!” ಎಂದರು ಉಸಿರು ಹಿಡಿದು. “ಅವ್ರು ಹೋದ ಮೇಲೆ ಬಂದೋರೆಲ್ಲ ಒಂದೇ ಮಾತು ಕಣಮ್ಮ. ಕೇಳಿ ಕೇಳಿ ಕಿವಿ ಕಲ್ಲಾಗಿತ್ತು. ನಿನ್ನೆ ಇವ್ಳು ನಿನ್ನ ಕೇಕ್ ತೋರಿಸಿದ್ಲು ನೋಡು, ಆಗ ನಗು ಬಂತು. ಅವ್ರಿದ್ದಿದ್ರೆ ಉರುಳಾಡಿ ನಗೋರು.”

ಆಮೇಲೆ ಮಗಳು ಹೇಳಿದ ಮಾತು ನನ್ನನ್ನು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿತು. “ಆಂಟಿ, ನನ್ನ ಮದುವೆ ಮುಂದಿನ ತಿಂಗಳೇ. ಯಾವ್ದೇ ಕಾರಣಕ್ಕೂ ಮುಂದಕ್ಕೆ ಹಾಕ್ಬೇಡಿ ಅಂತ ಅಪ್ಪನೇ ಹೇಳಿದ್ರು. ನಾವು ನಿಮ್ಮನ್ನೇ ಮೊದ್ಲು ಹುಡುಕಿದ್ದು. ನಿಮ್ಮ ಪೇಜಲ್ಲಿ ಮುಚ್ಚಿದೆ ಅಂತ ಬರ್ತಿತ್ತಲ್ಲ? ನೀವು ವಾಪಸ್ ಸ್ಕೂಲಿಗೆ ಹೋದ್ರಿ ಅಂದ್ಕೊಂಡ್ವಿ. ನನ್ನ ಫ್ರೆಂಡ್ಸೂ ಅಂಗೇ ಅಂದ್ಕೊಂಡು ಬೇರೆ ಕಡೆ ವಿಚಾರಿಸ್ತಾವ್ರೆ.”

ಅವಳ ಫೋನಿನಲ್ಲಿ ನೋಡಿದೆ. ನನ್ನ ಹೆಸರಿನ ಕೆಳಗೆ, ಕೆಂಪಕ್ಷರದಲ್ಲಿ, ‘ತಾತ್ಕಾಲಿಕವಾಗಿ ಮುಚ್ಚಿದೆ’. ನಾನೇ ವಿಭೂತಿ ಬುಧವಾರ ಹಾಕಿದ ಗುರುತು. ಒಡತಿಯಾಗಿ ಒಳಗಿನಿಂದ ನೋಡುವ ನನಗೆ ಅದು ಎದುರಿಗೆ ಕಾಣುತ್ತಲೇ ಇರಲಿಲ್ಲ, ಹೊಸ ಅಚ್ಚಿನಲ್ಲಿ ಅದರ ಜಾಗ ಎಲ್ಲೋ ಒಳಕೋಣೆಗೆ ಹೋಗಿತ್ತು. ನಾನು ಇಷ್ಟು ದಿನ ತಲೆಚಿತ್ರದ ಅಳತೆಗೆ ಹೊಡೆದಾಡುತ್ತಾ, ಬಾಗಿಲಿಗೆ ಹೊರಗಿನಿಂದ ಬೀಗ ಜಡಿದಿರುವುದನ್ನು ಮರೆತು, ಒಳಗೆ ಗೋಡೆಗೆ ಬಣ್ಣ ಬಳಿಯುತ್ತಿದ್ದೆ. ಹುಡುಗಿ ಮತ್ತು ನಾನು ಸೇರಿ ಹುಡುಕಿದೆವು. ಸಿಕ್ಕಿತು. ಒಂದು ಸಲ ಒತ್ತಿದ್ದಕ್ಕೆ ಆ ಕೆಂಪಕ್ಷರ ಹೋಯಿತು.

ಆ ಹೊತ್ತಿನಲ್ಲಿ ನನಗಾದ ನಿರಾಳವನ್ನು ಹೇಗೆ ಹೇಳಲಿ? ಯಾರೂ ನನ್ನ ಕೇಕನ್ನು ಬೇಡ ಅಂದಿರಲಿಲ್ಲ. ಬಂದಿದ್ದರು, ಬೀಗ ನೋಡಿ ಹೋಗಿದ್ದರು, ಅಷ್ಟೇ. ಸಾವಿನ ಮನೆಯಲ್ಲಿ ಕೂತು, ಗಂಡ ಕಳೆದುಕೊಂಡ ಹೆಂಗಸಿನ ಎದುರಿಗೆ, ನಾನು ಸಂತೋಷಕ್ಕೆ ಬಿಕ್ಕಿ ಬಿಕ್ಕಿ ಅತ್ತೆ. ನಾಚಿಕೆಗೆಟ್ಟವಳು. ಅವರೇ ನನಗೆ ನೀರು ತಂದುಕೊಟ್ಟರು.

ಹೊರಡುವಾಗ ಆ ತಾಯಿ ಒಳಗೆ ಹೋಗಿ ಒಂದು ಸೀರೆ ತಂದರು. ಅವರದೇ ಮದುವೆ ಸೀರೆ, ಮಗಳೂ ಅದನ್ನೇ ಉಡುವವಳಿದ್ದಳು. ಜರಿ ಅಲ್ಲಲ್ಲಿ ಕಪ್ಪಾಗಿತ್ತು, ಅಂಚಿನಲ್ಲಿ ಸಣ್ಣ ಸಣ್ಣ ಎಲೆಯ ಬಳ್ಳಿ. ನಾನು ಅಭ್ಯಾಸಬಲದಿಂದ ಫೋಟೊ ಕಳಿಸಿ ಸಾಕು ಅಂದೆ. “ಫೋಟೊದಲ್ಲಿ ಏನ್ ಕಾಣ್ತದೆ, ಎತ್ಕೊಂಡು ಹೋಗು, ಮುಟ್ಟಿ ನೋಡಿ ಮಾಡು” ಎಂದು ಚೀಲಕ್ಕೆ ಹಾಕಿದರು. ಸೀರೆಯನ್ನು ಎದುರಿಗೆ ಹರಡಿಕೊಂಡು ಕೇಕು ಮಾಡಿದ್ದು ಅದೇ ಮೊದಲು. ಬೆರಳಿಗೆ ನೇಯ್ಗೆಯ ಏರಿಳಿತ ಸಿಕ್ಕ ಮೇಲೆ ಸಕ್ಕರೆಯೂ ಹೇಳಿದ ಹಾಗೆ ಕೇಳಿತು.

ಕೆಂಪಕ್ಷರ ಹೋದ ಮೇಲೆ ಪೇಜಿನಲ್ಲಿ ಮತ್ತೆ ಸಂದೇಶಗಳು ಬಂದವು. ಸಾವಿಗೆ ಕೇಕು ಕಳಿಸಿದವಳು ಎಂದು ನಾನು ಸ್ವಲ್ಪ ಪ್ರಸಿದ್ಧಳೂ ಆಗಿದ್ದೆ. ಚರ್ಚಿನ ಗೇಟಿನ ಹತ್ತಿರ ಹೆಂಗಸರು ನಿಲ್ಲಿಸಿ ನಿಲ್ಲಿಸಿ ನಕ್ಕು, ಹಾಗೇ ತಮ್ಮ ಮನೆಯ ಮದುವೆಯ ದಿನವನ್ನೂ ಹೇಳಿ ಹೋಗುತ್ತಿದ್ದರು. ತಾನಾಗಿ ಹೋಗುವ ಉತ್ತರವನ್ನು ಅಳಿಸಿಹಾಕಿದೆ. ತಲೆಚಿತ್ರ ಹೇಗಿತ್ತೋ ಹಾಗೇ ಬಿಟ್ಟೆ. ಗುಂಡಗಿನ ಫೋಟೊದ ಕೇಕಿನಲ್ಲಿ ಈಗಲೂ ಒಂದು ಅಂತಸ್ತು ಕಡಿಮೆ ಇದೆ. ತಾಣದವರು ಆಮೇಲೆ ಇನ್ನೂ ಏನೇನೋ ಬದಲಿಸಿದರು, ನಾನು ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ತಂಗಿಯ ಫೋನಿನಲ್ಲಿ ನೋಡಿ ಸುಮ್ಮನಾಗುತ್ತೇನೆ. ಪೇಜು ಚೆಂದ ಮಾಡುವ ಚಿಂತೆ ಬಿಟ್ಟದ್ದರಿಂದ ಎಷ್ಟು ಹಗುರವಾಗಿದೆಯೆಂದರೆ, ಇದನ್ನೇ ತಪಸ್ಸುಕಾಲದಲ್ಲಿ ಬಿಡಬೇಕಿತ್ತೇನೋ.

ಶಾಲೆಯ ಮುಖ್ಯೋಪಾಧ್ಯಾಯಿನಿಯ ಫೋನು ಬಂದದ್ದು ಆ ಎಲೆಬಳ್ಳಿಯ ಕೇಕಿನ ಕೊನೆಯ ಸುತ್ತು ಬರೆಯುತ್ತಿದ್ದಾಗ. ನನ್ನ ಎರಡು ಕೈಯೂ ಸಕ್ಕರೆ. ಎರಡು ಪಾಳಿಯ ನಡುವೆ ಊಟಕ್ಕೆ ಬಂದಿದ್ದ ಗಂಡ ಫೋನನ್ನು ನನ್ನ ಕಿವಿಗೆ ಹಿಡಿದರು. “ಮುಂದಿನ ವಾರ ಶಾಲೆ ತೆರೀತೀವಿ. ಬರ್ತೀರಾ ಹೇಗೆ?” ಎಂದು ಆ ಕಡೆಯಿಂದ ಕೇಳಿದರು. ಅಷ್ಟು ಹತ್ತಿರ ನಿಂತ ಗಂಡನಿಗೂ ಅದು ಕೇಳುತ್ತಿತ್ತು. ನಾನು ಅವರ ಮುಖ ನೋಡದೆ, ಕೇಕನ್ನೇ ನೋಡುತ್ತಾ, “ಇಲ್ಲ ಮೇಡಂ, ಬರಲ್ಲ. ನೀವು ಕಾದಿದ್ದಕ್ಕೆ ತುಂಬ ಉಪಕಾರ” ಎಂದೆ.

ಅವರು ಶುಭ ಹಾರೈಸಿ ಫೋನಿಟ್ಟರು. ನನ್ನ ಗಂಡ ಫೋನನ್ನು ಮೇಜಿನ ಮೇಲಿಟ್ಟು ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತರು. ಒಂದು ವರ್ಷದಿಂದ ನಾನು ಹೆದರಿಕೊಂಡಿದ್ದ ಮಾತು ಈಗ ಬರುತ್ತದೆಂದು ಕಾದೆ.

“ಸದ್ಯ” ಎಂದರು.

ನಾನು ತಿರುಗಿ ನೋಡಿದೆ.

“ಎಲ್ಲಿ ಹೂಂ ಅಂದ್ಬುಡ್ತೀಯೋ ಅಂತ ಭಯ ಆಗಿತ್ತು ಕಣೆ. ಆ ಸ್ಕೂಲಿಂದ ಬಂದು ದಿನಾ ಸಂಜೆ ಗೋಡೆ ನೋಡ್ಕಂಡು ಕೂರ್ತಿದ್ಯಲ್ಲ, ಅದ ನೋಡಕ್ಕಾಗ್ತಿರ್ಲಿಲ್ಲ ನಂಗೆ. ಅದಕ್ಕೇ ಇನ್ನೊಂದು ಪಾಳಿ ಹಿಡ್ದಿದ್ದು. ನೀನು ವಾಪಸ್ ಹೋಗೋ ಹಂಗಾಗ್ಬಾರ್ದು ಅಂತ.”